ಕೀರ್ತಿಶೇಷ ಡಾ. ತೋನ್ಸೆ ಮಾಧವ ಅನಂತ ಪೈಗಳು

ಉತ್ಸವದ ವಿವರಗಳ ಹಾಗೂ ಪ್ರವಚನಗಳ ಸಾರಾಂಶದ ನಡುವೆ ಬ್ಯಾಂಕು ನಡೆಸಿದವರೊಬ್ಬರ ಜೀವನಕ್ಕೆ ಸ್ಥಳವೇಕೆ ಎಂದು ಆಸ್ತಿಕ ಮಹನೀಯರು ಕೇಳಬಹುದು. ಶ್ರೀಮದಾಚಾರ್ಯರು ನಾನಾ ಜನರ ಶುಶ್ರೂಷೆಯನ್ನು ಭಗವಂತನಿಗೆ ನಾವು ಸಲ್ಲಿಸಬೇಕಾದ ಕರವೆಂದು ತಿಳಿಸಿರುವುದು ಪಾಠಶಾಲೆಯಲ್ಲಿ ಓದಿದವರೆಲ್ಲರಿಗೂ ಗೊತ್ತು. ಕರವೆಂದರೆ ಕೊಡಲೇಬೇಕಾದದ್ದು. ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ದೃಷ್ಟಾಂತವನ್ನು ಹುಡುಕುವಾಗ ನಮಗೆ ಮೊದಲು ನೆನಪಾಗುವವರು ಡಾ. ಟಿ. ಎಂ. ಎ. ಪೈಗಳು.

ಮಾಧ್ವಮತಾನುಯಾಯಿಗಳಾದ ಗೌಡ ಸಾರಸ್ವತ ಮನೆತನವೊಂದರಲ್ಲಿ, ಉಡುಪಿಯ ಉತ್ತರಕ್ಕೆ ಸುವರ್ಣಾ ನದಿಯ ದಡದಲ್ಲಿರುವ ಕಲ್ಯಾಣಪುರದಲ್ಲಿ, 1898ರ ಏಪ್ರಿಲ್ 30ರಂದು ಅವರ ಜನನವಾಯಿತು. ಮದರಾಸಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತರು. ಮುಂದಿನ ವ್ಯಾಸಂಗಕ್ಕಾಗಿ ಪರದೇಶಕ್ಕೆ ತೆರಳುವ ಇರಾದೆ ಅವರಿಗಿತ್ತೆಂದೂ, ಮಾತೃಶ್ರೀಯವರ ಇಚ್ಛೆಗೆ ತಲೆಬಾಗಿ ಉಡುಪಿಯಲ್ಲಿಯೇ ನೆಲೆನಿಂತರೆಂದೂ ಹಿರಿಯರು ಹೇಳುವುದುಂಟು. ಆ ತಾಯಿ ಸಮ್ಮತಿಸಿದ್ದರೆ ನಮ್ಮ ಕರಾವಳಿಯ ಚರಿತ್ರೆ ಬೇರೆಯೇ ಆಗುತ್ತಿತ್ತು ಎಂದು ನಮಗೆ ಅನೇಕ ಸಲ ಅನ್ನಿಸಿದೆ.

ಆ ಕಾಲದಲ್ಲಿ ಉಡುಪಿಯ ಸುತ್ತಲಿನ ಕೈಮಗ್ಗದ ನೇಕಾರರು ಬಹಳ ಕಷ್ಟದಲ್ಲಿದ್ದರು. ನೂಲಿಗೆ ಹಣವಿಲ್ಲ, ಸಾಲಕ್ಕೆ ಹೋದರೆ ಬಡ್ಡಿಯ ಹೊರೆ. ಅಣ್ಣನವರಾದ ವರ್ತಕ ಉಪೇಂದ್ರ ಅನಂತ ಪೈಗಳು, ಇಂಜಿನಿಯರರಾದ ವಾಮನ ಕುಡ್ವರು ಹಾಗೂ ವೈದ್ಯರಾದ ಮಾಧವ ಪೈಗಳು ಒಟ್ಟುಗೂಡಿ 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮೂಲಧನ 8,000 ರೂಪಾಯಿ. ಇಂದಿನ ಒಂದು ಸಾಧಾರಣ ಮದುವೆಯ ಊಟದ ಖರ್ಚಿಗೂ ಸಾಲದ ಮೊತ್ತವದು!

1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯೇ ಅವರ ಹೆಸರನ್ನು ಮನೆಮನೆಗೆ ಒಯ್ದದ್ದು. ದಿನಕ್ಕೆ ಎರಡಾಣೆ ಇದ್ದರೆ ಸಾಕು. ಬ್ಯಾಂಕಿನ ಮನುಷ್ಯನೇ ಬಾಗಿಲಿಗೆ ಬಂದು ಹಣ ಪಡೆದು, ಪುಸ್ತಕದಲ್ಲಿ ಬರೆದು ಹೋಗುವನು. ಲೆಕ್ಕ ಹಾಕಿ ನೋಡೋಣ: ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಕೂಲಿಯವನಿಗೆ, ತರಕಾರಿ ಮಾರುವವಳಿಗೆ, ಸಣ್ಣ ಹೋಟೆಲಿನವನಿಗೆ ತನ್ನದೆಂಬ ಗಂಟು ಆಯಿತು. ನಮ್ಮ ಮನೆಗಳಲ್ಲಿ ತಿರುಪತಿಗೆಂದು ಮುಡಿಪು ಕಟ್ಟಿಡುವ ಪದ್ಧತಿ ಇದೆಯಷ್ಟೆ. ಬಿಡಿಗಾಸನ್ನು ಭಕ್ತಿಯಿಂದ ಎತ್ತಿಡಬಲ್ಲ ಜನ ಅದನ್ನು ತಮ್ಮ ಮಕ್ಕಳ ವಿದ್ಯೆಗೂ ಎತ್ತಿಡಬಲ್ಲರೆಂಬುದನ್ನು ಪೈಗಳು ಕಂಡುಕೊಂಡರು. ಬಂಟ್ವಾಳ, ಬೆಳ್ತಂಗಡಿಗಳ ಕಡೆ ಬೀಡಿ ಕಟ್ಟುವ ತಾಯಂದಿರು ಮಗಳ ಮದುವೆಗೆ ಒಡವೆ ಮಾಡಿಸಿದ್ದು ಇಂತಹ ಪುಸ್ತಕಗಳ ಬಲದಿಂದಲೇ ಎಂಬುದನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ.

1928ರಲ್ಲಿ ಬ್ರಹ್ಮಾವರದಲ್ಲಿ ಬ್ಯಾಂಕಿನ ಮೊದಲ ಶಾಖೆ ತೆರೆಯಿತು. ಪಟ್ಟಣಗಳನ್ನು ಬಿಟ್ಟು ಹಳ್ಳಿಗಳನ್ನು ಹುಡುಕಿಕೊಂಡು ಹೋದದ್ದು ಆ ಸಂಸ್ಥೆಯ ವೈಶಿಷ್ಟ್ಯ.

ಇನ್ನು ಮಣಿಪಾಲದ ವಿಷಯ. ಉಡುಪಿಯ ಪೂರ್ವಕ್ಕಿರುವ ಆ ಗುಡ್ಡ ಮುರಕಲ್ಲಿನ ಬೋಳು ನೆಲ. ಅಲ್ಲಿ ವಿದ್ಯಾನಗರವೊಂದನ್ನು ಕಟ್ಟಲು ಪೈಗಳು ಸಂಕಲ್ಪಿಸಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಬೇಕಷ್ಟೆ? ಗುಡ್ಡದ ಮೇಲೆ ಆಗ ಅದಿರಲಿಲ್ಲ. ಮೊದಲ ಪಾಠಗಳು ಮಣಿಪಾಲದಲ್ಲಿ, ರೋಗಿಗಳ ಬಳಿಯ ಶಿಕ್ಷಣ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಎಂಬ ಏರ್ಪಾಡಾಯಿತು. ಮಣಿಪಾಲದ ಆಸ್ಪತ್ರೆ ಬಂದದ್ದು 1961ರಲ್ಲಿ.

ಸರಕಾರದ ಬೊಕ್ಕಸವನ್ನು ನೆಚ್ಚದೆ, ವಿದ್ಯಾರ್ಥಿಗಳ ಪೋಷಕರಿಂದಲೇ ಮೊತ್ತದ ವಂತಿಗೆಯನ್ನು ಪಡೆದು ಕಾಲೇಜನ್ನು ನಡೆಸಲಾಯಿತು. ವಿದ್ಯೆಯನ್ನು ಮಾರಿದಂತಾಯಿತೆಂಬ ಆಕ್ಷೇಪ ಅಂದೇ ಎದ್ದಿತು. ಈ ಆಕ್ಷೇಪವನ್ನು ನಾವು ತಳ್ಳಿಹಾಕಲಾರೆವು. ಎರಡಾಣೆಯವನನ್ನು ಬ್ಯಾಂಕಿಗೆ ಕರೆದವರ ಕಾಲೇಜಿನಲ್ಲಿ ಎರಡಾಣೆಯವನ ಮಗನಿಗೆ ಸೀಟು ಸುಲಭವಾಗಿತ್ತೇ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ಮುಂದೆ ಈ ವಂತಿಗೆಯ ಪದ್ಧತಿ ಅನ್ಯರ ಕೈಯಲ್ಲಿ ದೇಶದಾದ್ಯಂತ ವ್ಯಾಪಾರವಾಗಿ, 1992ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ಕಾನೂನಿಗೆ ವಿರುದ್ಧವೆಂದು ಸಾರಬೇಕಾಯಿತು. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. 1953ರಲ್ಲಿ ನಮ್ಮ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು. ಇಲ್ಲಿನ ಹುಡುಗ ವೈದ್ಯನಾಗಬೇಕೆಂದರೆ ದೂರದ ಊರುಗಳಲ್ಲಿ ಸ್ಥಳಕ್ಕಾಗಿ ಕಾಯಬೇಕಿತ್ತು. ಘಟ್ಟದ ಬುಡದ ಹಳ್ಳಿಗಳಿಂದ ಕಾಯಿಲೆಯವರನ್ನು ಹೊತ್ತುಕೊಂಡು ಹೋದ ಎಷ್ಟು ಸಂಸಾರಗಳು ಮಣಿಪಾಲದಿಂದ ಅವರನ್ನು ನಡೆಸಿಕೊಂಡು ಮರಳಿಲ್ಲ! ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಧಿಕಾರ ನಮಗಿಲ್ಲ.

1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ತಳೆದ ಸಂಸ್ಥೆಯು 1969ರ ಜುಲೈ 19ರಂದು ಇತರ ಹದಿಮೂರು ಬ್ಯಾಂಕುಗಳೊಡನೆ ರಾಷ್ಟ್ರೀಕರಣಗೊಂಡಿತು. ನಲವತ್ತನಾಲ್ಕು ವರ್ಷ ಸಾಕಿದ್ದು ಒಂದೇ ದಿನ ಸರಕಾರದ ಪಾಲಾಯಿತು. ಪೈಗಳಿಗೆ ಆಗ ಎಪ್ಪತ್ತೊಂದರ ವಯಸ್ಸು. ವಿದ್ಯಾಸಂಸ್ಥೆಗಳ ಕೆಲಸ ಮಾತ್ರ ನಿಲ್ಲಲಿಲ್ಲ. 1972ರಲ್ಲಿ ಭಾರತ ಸರಕಾರ ಪದ್ಮಶ್ರೀಯನ್ನಿತ್ತು ಗೌರವಿಸಿತು. 1979ರ ಮೇ 29ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ಹರಿಪಾದವನ್ನು ಸೇರಿದರು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನೇಕಾರರಿಗೆಂದು ಹುಟ್ಟಿದ ಹೆಸರು ನಾಮಫಲಕಗಳಿಂದ ಇಳಿಯಿತು. ಪಿಗ್ಮಿ ಎಂಬ ಮಾತು ಮಾತ್ರ ಅಳಿದಿಲ್ಲ. ಸಹಕಾರಿ ಸಂಘಗಳವರೂ ಅದೇ ಹೆಸರಿನಲ್ಲಿ ಹಣ ಸಂಗ್ರಹಿಸುತ್ತಾರೆ. ಮಡಂತ್ಯಾರಿನ ಪೇಟೆಯಲ್ಲಿ ಸಂಜೆ ಅಂಗಡಿಯಿಂದ ಅಂಗಡಿಗೆ ಚೀಲ ಹೆಗಲಿಗೇರಿಸಿ ನಡೆಯುವವರನ್ನು ಕಂಡಾಗ, ಬಂದವರು ಯಾರೆಂದು ಯಾರೂ ಕೇಳುವುದಿಲ್ಲ. ಪಿಗ್ಮಿಯವರು ಬಂದರು ಎನ್ನುತ್ತಾ ಗಲ್ಲಾಪೆಟ್ಟಿಗೆಯನ್ನು ತೆರೆಯುತ್ತಾರೆ.