ಕಡಲಜೀವಿಗಳನ್ನು ಸಾಕಿ ತಿಳಿದಾಕೆ

ತೊಟ್ಟಿಯಲ್ಲಿ ಮೀನು ಸಾಕಿದವರೆಲ್ಲರೂ ಒಂದಲ್ಲ ಒಂದು ದಿನ ಪೇಚಿಗೆ ಸಿಲುಕಿದವರೇ. ಹಾಕಿದ ಆಹಾರವನ್ನು ಮೀನು ಮೂಸಿಯೂ ನೋಡದೆ ಮೂಲೆ ಹಿಡಿದು ನಿಲ್ಲುತ್ತದೆ. ನೀರು ಕೆಟ್ಟಿದೆಯೋ, ಅದರ ಶಾಖ ಏರುಪೇರಾಗಿದೆಯೋ, ತಿನಿಸು ಅದರ ಜಾತಿಗೆ ಒಗ್ಗದೋ ಎಂದು ಒಂದೊಂದಾಗಿ ಪರೀಕ್ಷಿಸದೆ ಕಾರಣ ದೊರೆಯದು. ಉಣ್ಣದ ಜೀವಿ ತತ್ತಿಯಿಡುವ ಮಾತಂತೂ ದೂರವೇ ಉಳಿಯಿತು. ಸೆರೆಯಲ್ಲಿರುವ ಜಲಚರ ಉಂಡು, ಬೆಳೆದು, ಸಂತತಿಯನ್ನು ಪಡೆಯುವಂತೆ ಮಾಡುವುದು ಒಂದು ವಿದ್ಯೆಯೇ ಸರಿ. ಆ ವಿದ್ಯೆಯನ್ನು ವಿಜ್ಞಾನದ ಸಾಧನವನ್ನಾಗಿ ಮಾಡಿದವರ ಮೊದಲ ಸಾಲಿನಲ್ಲಿ ನಿಲ್ಲುವಾಕೆ ಹೊಲಿಗೆಯಿಂದ ಬಾಳನ್ನು ಆರಂಭಿಸಿದ ಒಬ್ಬ ಹೆಣ್ಣುಮಗಳು.

ಝಾನ್ ವಿಲ್‌ಪ್ರೊ ಹುಟ್ಟಿದ್ದು 1794ರಲ್ಲಿ, ಫ್ರಾನ್ಸಿನ ಜುಯಿಯಾಕ್ ಎಂಬ ಹಳ್ಳಿಯಲ್ಲಿ. ತಂದೆ ಪಾದರಕ್ಷೆ ಹೊಲಿಯುವಾತ. ಹದಿನೆಂಟರ ಹರೆಯದಲ್ಲಿ ಆಕೆ ನಾನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಪ್ಯಾರಿಸಿಗೆ ಹೊರಟು, ಉಡುಪು ಹೊಲಿಯುವವರ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. 1816ರಲ್ಲಿ ರಾಜಕುಮಾರಿ ಮರಿ ಕೆರೊಲಿನಳ ಮದುವೆಯ ಉಡುಪನ್ನು ಸಿದ್ಧಪಡಿಸಿ ಹೆಸರಾದಳು. ಎರಡು ವರ್ಷಗಳ ತರುವಾಯ ಜೇಮ್ಸ್ ಪವರ್ ಎಂಬ ವರ್ತಕನ ಕೈಹಿಡಿದು ಸಿಸಿಲಿಯ ಮೆಸ್ಸಿನಾ ನಗರದಲ್ಲಿ ಸಂಸಾರ ಹೂಡಿದಳು. ಅಲ್ಲಿ ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದೆ, ದ್ವೀಪವನ್ನೆಲ್ಲ ಸುತ್ತಿ, ಗಿಡಮರ, ಚಿಪ್ಪು, ಪ್ರಾಣಿಗಳನ್ನು ತಾನೇ ಅಭ್ಯಾಸಮಾಡಿದಳು.

ಅಂದಿನ ಪಂಡಿತರನ್ನು ಕಾಡುತ್ತಿದ್ದ ಒಂದು ಸಮಸ್ಯೆಯಿತ್ತು. ಆರ್ಗೊನಾಟ್ ಎಂಬುದು ಕಾಗದದಷ್ಟು ತೆಳುವಾದ ಬಿಳಿಯ ಚಿಪ್ಪಿನಲ್ಲಿ ವಾಸಿಸುವ ಅಷ್ಟಪದಿ. ಈ ಚಿಪ್ಪು ಅದರ ಸ್ವಂತದ್ದೋ, ಬೇರೊಂದು ಪ್ರಾಣಿಯಿಂದ ಕಸಿದುಕೊಂಡದ್ದೋ? ಸಾರದಲ್ಲಿಟ್ಟ ಸತ್ತ ದೇಹವನ್ನು ಎಷ್ಟು ಸೀಳಿ ನೋಡಿದರೂ ಉತ್ತರ ಸಿಗುವಂತಿರಲಿಲ್ಲ. ಬದುಕಿರುವ ಪ್ರಾಣಿಯನ್ನೇ ಕೇಳಬೇಕಾಗಿತ್ತು.

ಅದಕ್ಕಾಗಿ ಝಾನ್ 1832ರ ಸುಮಾರಿಗೆ ಮೂರು ಬಗೆಯ ತೊಟ್ಟಿಗಳನ್ನು ರೂಪಿಸಿದಳು: ಮನೆಯೊಳಗಿಡಲು ಗಾಜಿನದು, ಸಮುದ್ರದಲ್ಲಿ ಇಳಿಬಿಡಲು ಹೊರಗೊಂದು ಪಂಜರವುಳ್ಳ ಗಾಜಿನದು, ದೊಡ್ಡ ಪ್ರಾಣಿಗಳಿಗಾಗಿ ಕಡಲಲ್ಲೇ ಲಂಗರು ಹಾಕಿ ನಿಲ್ಲಿಸುವ ಪಂಜರ. ಆಕೆಯ ಜಾಣ್ಮೆಯಿರುವುದು ಇಲ್ಲಿಯೇ. ಸೆರೆಸಿಕ್ಕ ಪ್ರಾಣಿಗೆ ಅದರದೇ ಕಡಲ ನೀರು ಹರಿದುಬರುತ್ತಿತ್ತು. ಆಹಾರ ಆಕೆಯ ಕೈಯಿಂದ ಬರುತ್ತಿತ್ತು. ಪ್ರಾಣಿಗಳು ಉಂಡವು, ಬೆಳೆದವು, ತತ್ತಿ ಹೊತ್ತವು.

ಆಕೆ ಚಿಪ್ಪುಗಳಿಗೆ ಬೇಕೆಂದೇ ಪೆಟ್ಟುಮಾಡಿದಳು. ಆರ್ಗೊನಾಟ್ ತನ್ನ ಅಗಲವಾದ ಎರಡು ತೋಳುಗಳನ್ನು ಹೊದಿಸಿ, ಒಸರಿದ ದ್ರವದಿಂದ ಬಿರುಕನ್ನು ಬೆಸೆದುಕೊಂಡಿತು. ತತ್ತಿಯೊಡೆದ ಮರಿಗೆ ಚಿಪ್ಪಿರಲಿಲ್ಲ. ಬೆಳೆಯುತ್ತ ಅದು ತಾನೇ ಕಟ್ಟಿಕೊಳ್ಳುತ್ತಿತ್ತು. ಸಮಸ್ಯೆ ಬಗೆಹರಿಯಿತು.

ಆದರೆ ಸತ್ಯವನ್ನು ಕಂಡವರಿಗೆ ಕೀರ್ತಿ ಸುಲಭವಾಗಿ ಒಲಿಯುವುದಿಲ್ಲ. ಆಕೆಯಿಂದಲೇ ವಿಷಯ ತಿಳಿದ ಫ್ರೆಂಚ್ ವಿದ್ವಾಂಸ ಸಾಂಡರ್ ರಾಂಗ್ ಅದರ ಹಿರಿಮೆಯನ್ನು ತನ್ನದಾಗಿಸಿಕೊಳ್ಳಲು ಹೊರಟಾಗ ಆಕೆ ತನ್ನ ಹಕ್ಕಿಗಾಗಿ ಹೋರಾಡಬೇಕಾಯಿತು. 1838ರಲ್ಲಿ ಲಂಡನ್ನಿಗೆ ಸಾಗುತ್ತಿದ್ದ ಹಡಗು ಮುಳುಗಿ, ಅನೇಕ ವರ್ಷಗಳ ಸಂಗ್ರಹವೂ ಬರಹಗಳೂ ಕಡಲಪಾಲಾದವು. ಆದರೂ ಮರುವರ್ಷವೇ ಆಕೆಯ ಪ್ರಯೋಗಗಳ ವೃತ್ತಾಂತ ಅಚ್ಚಾಯಿತು. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ರಿಚರ್ಡ್ ಓವೆನ್ ಆಕೆಯ ಪರವಾಗಿ ಅವನ್ನು ಮಂಡಿಸಿದ. 1858ರಲ್ಲಿ ಮತ್ಸ್ಯಾಲಯ ವಿದ್ಯೆಯ ತಾಯಿಯೆಂಬ ಗೌರವವನ್ನೂ ಆತನೇ ಆಕೆಗೆ ಸಲ್ಲಿಸಿದ.

ಝಾನಳ ದೃಷ್ಟಿ ಒಂದು ಚಿಪ್ಪಿಗಷ್ಟೇ ಸೀಮಿತವಾಗಿರಲಿಲ್ಲ. ಅತಿಯಾದ ಬೇಟೆಯಿಂದ ಸಿಸಿಲಿಯ ಹೊಳೆಗಳು ಬರಿದಾಗುತ್ತಿದ್ದುದನ್ನು ಕಂಡು, ಮರಿಮೀನುಗಳನ್ನು ಪಂಜರಗಳಲ್ಲಿ ಉಣಿಸಿ ಬೆಳೆಸಿ ಹೊಳೆಗೆ ಬಿಡಬೇಕೆಂದು ಆಕೆ ಸೂಚಿಸಿದ್ದಳು. ಮೀನುಮರಿಗಳನ್ನು ಸಾಕಿ ಕೆರೆ ಜಲಾಶಯಗಳಿಗೆ ಬಿಡುವ ಇಂದಿನವರಿಗೆ ಈ ಆಲೋಚನೆ ಹೊಸದಲ್ಲ.

1843ರಲ್ಲಿ ಸಿಸಿಲಿಯನ್ನು ಬಿಟ್ಟ ಆಕೆ ಪ್ಯಾರಿಸ್, ಲಂಡನ್ನುಗಳಲ್ಲಿ ಬಾಳಿ, 1871ರ ಜನವರಿಯಲ್ಲಿ, ಯುದ್ಧದ ದಿನಗಳಲ್ಲಿ, ಹುಟ್ಟೂರಿನಲ್ಲಿಯೇ ಕಣ್ಮುಚ್ಚಿದಳು. ಬಹುಕಾಲ ಲೋಕ ಆಕೆಯನ್ನು ಮರೆತಿತ್ತು. 1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ಆಕೆಯ ಹೆಸರನ್ನಿಟ್ಟರು. ಹಸಿವು ತಪ್ಪಿದ ಮೀನಿನ ಮುಂದೆ ಕುಳಿತು, ತಪ್ಪು ಅದರದಲ್ಲ, ತಾನು ಒದಗಿಸಿದ ನೀರಿನದಿರಬಹುದೆಂದು ಯೋಚಿಸುವ ಬಾಲಕನೂ ಅರಿಯದೆಯೇ ಆಕೆಯ ಶಿಷ್ಯ.