ಸೋಲನ್ನು ಮೊದಲೇ ಎಣಿಸಿದ ಆಟಗಾರ: ಈಲಿ ಕಲ್ಬರ್ಟ್‌ಸನ್

ಇಸ್ಪೀಟೆಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಹಣವೊಡ್ಡಿ ಆಡುವ ಜೂಜನ್ನು ನಾವೂ ಮೆಚ್ಚುವವರಲ್ಲ. ಆದರೆ ಬುದ್ಧಿಯ ಆಟವಾದ ಬ್ರಿಜ್ಜಿಗೆ ಲೆಕ್ಕದ ಶಿಸ್ತನ್ನು ತಂದ ಈಲಿ ಕಲ್ಬರ್ಟ್‌ಸನ್ನರ ಜೀವನವು ಎಲೆಗಳನ್ನು ಮುಟ್ಟದವರಿಗೂ ವಿಚಾರಾರ್ಹವಾದುದು.

ಅವರು ಜನಿಸಿದುದು 1891ರಲ್ಲಿ, ರುಮೇನಿಯದಲ್ಲಿ. ತಂದೆ ಅಮೆರಿಕದ ಗಣಿ ಇಂಜಿನಿಯರರು. ತಾಯಿ ರಷ್ಯದ ಕೊಸಾಕ್ ಮನೆತನದವರು. ಕಾಕಸಸ್ ಪ್ರಾಂತದ ಎಣ್ಣೆಬಾವಿಗಳಿಂದ ಕೂಡಿಬಂದಿದ್ದ ಸಂಪತ್ತು ರಷ್ಯದ 1917ರ ಕ್ರಾಂತಿಯಲ್ಲಿ ಕೊಚ್ಚಿಹೋಯಿತು. ಅನಂತರ ಪ್ಯಾರಿಸ್ ಮೊದಲಾದ ನಗರಗಳಲ್ಲಿ ಎಲೆಯಾಟವೇ ಕಲ್ಬರ್ಟ್‌ಸನ್ನರ ಜೀವನೋಪಾಯವಾಯಿತು. ಬಳಿಕ ಅಮೆರಿಕಕ್ಕೆ ಬಂದು, 1923ರಲ್ಲಿ ಬ್ರಿಜ್ ಶಿಕ್ಷಕಿಯಾಗಿದ್ದ ಜೋಸೆಫೀನ್ ಡಿಲನ್ನರನ್ನು ವರಿಸಿದರು.

1925ರಲ್ಲಿ ಹೆರಲ್ಡ್ ವ್ಯಾಂಡರ್‌ಬಿಲ್ಟರು ಕಾಂಟ್ರ್ಯಾಕ್ಟ್ ಬ್ರಿಜ್ಜಿನ ಹೊಸ ಅಂಕಪದ್ಧತಿಯನ್ನು ರೂಪಿಸಿದರು. ಕೂಗಿದಷ್ಟು ಪಟ್ಟುಗಳನ್ನು ಗೆಲ್ಲದವನು ದಂಡ ತೆರಬೇಕು; ಅದಾಗಲೇ ಒಂದು ಗೇಮ್ ಗೆದ್ದು ‘ವಲ್ನರಬಲ್’ ಎನಿಸಿಕೊಂಡ ಪಕ್ಷಕ್ಕೆ ದಂಡ ಹೆಚ್ಚು. ಇದರಿಂದ ಸವಾಲು ಕೂಗುವ ವಿದ್ಯೆಗೆ ಮಹತ್ವವೊದಗಿತು. ಕಲ್ಬರ್ಟ್‌ಸನ್ನರು 1929ರಲ್ಲಿ ಬ್ರಿಜ್ ವರ್ಲ್ಡ್ ಪತ್ರಿಕೆಯನ್ನೂ, 1930ರಲ್ಲಿ ಬ್ಲೂ ಬುಕ್ ಎಂಬ ಗ್ರಂಥವನ್ನೂ ಹೊರತಂದರು.

ಅವರ ಹೆಸರಿನೊಡನೆ ಇಂದಿಗೂ ಉಳಿದಿರುವುದು ಎರಡು-ಮೂರರ ಸೂತ್ರ. ಒಬ್ಬನ ಕೈಯಲ್ಲಿ ಒಂದೇ ಬಣ್ಣದ ಉದ್ದ ಸಾಲಿದ್ದು, ಉಳಿದ ಎಲೆಗಳಲ್ಲಿ ಸತ್ವವಿಲ್ಲವೆನ್ನೋಣ. ಆಗ ಮೊದಲೇ ಎತ್ತರಕ್ಕೆ ಕೂಗಿದರೆ ಎದುರಾಳಿಗಳಿಗೆ ತಮ್ಮತಮ್ಮಲ್ಲಿ ಸುಳಿವು ಕೊಟ್ಟುಕೊಳ್ಳಲು ಎಡೆಯಿರುವುದಿಲ್ಲ. ಆದರೆ ಎಷ್ಟು ಎತ್ತರಕ್ಕೆ? ತಗ್ಗಿದರೆ ಅವರಿಗೆ ದಾರಿ ತೆರೆಯುತ್ತದೆ. ಮಿತಿಮೀರಿದರೆ ನಮಗೆ ದಂಡ ಬೀಳುತ್ತದೆ. ಸ್ವಂತ ಬಲದಿಂದ ಗೆಲ್ಲಬಲ್ಲ ಪಟ್ಟುಗಳನ್ನು ಎಣಿಸಿ, ವಲ್ನರಬಲ್ ಆಗಿದ್ದರೆ ಎರಡನ್ನು, ಇಲ್ಲವಾದರೆ ಮೂರನ್ನು ಮಾತ್ರ ಕೂಡಿಸಬೇಕೆಂಬುದೇ ಆ ಸೂತ್ರ.

ಆಟೀನಿನ ರಾಜ, ರಾಣಿ, ಗುಲಾಮ, ಹತ್ತು ಮತ್ತು ಮೂರು ಸಣ್ಣ ಎಲೆಗಳಿದ್ದರೆ, ಎಕ್ಕಕ್ಕೆ ಒಂದನ್ನು ಬಿಟ್ಟು ಆರು ಪಟ್ಟು ನಮ್ಮವು. ಮೂರು ಕೂಡಿಸಿದರೆ ಒಂಬತ್ತು, ಎಂದರೆ ಮೂರು ಆಟೀನಿನ ಕೂಗು. ಎರಡು ಕೂಡಿಸಿದರೆ ಎಂಟೇ, ಎಂದರೆ ಎರಡಕ್ಕೆ ನಿಲ್ಲಬೇಕು. ಎದುರಾಳಿಗಳು ಡಬಲ್ ಮಾಡಿ, ಜೊತೆಗಾರನಿಂದ ಒಂದು ಪಟ್ಟೂ ಒದಗದಿದ್ದರೂ ಎರಡು ಸಂದರ್ಭಗಳಲ್ಲಿಯೂ ನಷ್ಟ 500 ಅಂಕಗಳೇ. ವಲ್ನರಬಲ್ ಆದ ಎದುರಾಳಿ ನಾಲ್ಕು ಇಸ್ಪೀಟು ಕೂಗಿ ಗೆದ್ದರೆ ಇಂದಿನ ಪಂದ್ಯದ ಲೆಕ್ಕದಲ್ಲಿ ಅವನಿಗೆ 620 ಅಂಕಗಳು. ಆಗ ನಮ್ಮ 500ರ ಸೋಲೂ ಲಾಭವೇ. ಅವನು ವಲ್ನರಬಲ್ ಅಲ್ಲದಿದ್ದರೆ ಅವನ ಗಳಿಕೆ 420 ಮಾತ್ರ. ಆಗ 500 ತೆತ್ತವನು ನಷ್ಟಗಾರ.

1931ರ ಡಿಸೆಂಬರಿನಲ್ಲಿ ಸಿಡ್ನಿ ಲೆನ್ಸ್ ಅವರೊಡನೆ ನಡೆದ ಪಂದ್ಯ ಕಲ್ಬರ್ಟ್‌ಸನ್ನರ ಕೀರ್ತಿಶಿಖರ. ನ್ಯೂಯಾರ್ಕಿನ ಚಾಟಮ್ ಹೋಟೆಲಿನಲ್ಲಿ ಆರಂಭವಾಗಿ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಮುಂದುವರಿದ ಈ 150 ರಬ್ಬರುಗಳ ಸೆಣಸಾಟವನ್ನು ಅವರು 8,980 ಅಂಕಗಳಿಂದ ಗೆದ್ದರು. ಧನವು ಹರಿದುಬಂದಿತು, ಅಷ್ಟೇ ವೇಗದಲ್ಲಿ ವೆಚ್ಚವೂ ಆಯಿತು. 1937ರಲ್ಲಿ ಬುಡಾಪೆಸ್ಟಿನಲ್ಲಿ ಅವರ ತಂಡ ಆಸ್ಟ್ರಿಯಕ್ಕೆ ಸೋತಿತು. ಮರುವರ್ಷ ದಾಂಪತ್ಯವೂ ಮುರಿಯಿತು.

ಬಳಿಕ ಅವರು ಎಲೆಗಳನ್ನು ಬದಿಗಿಟ್ಟು ವಿಶ್ವಶಾಂತಿಯ ಚಿಂತನೆಗೆ ತೊಡಗಿದರು. ರಾಷ್ಟ್ರಗಳೆಲ್ಲ ಗೊತ್ತಾದ ಪಾಲು ಸೇನೆಯನ್ನು ಒದಗಿಸಿ ಸಮರವನ್ನು ತಡೆಯಬೇಕೆಂಬ ಯೋಜನೆಯನ್ನು 1943ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದರು. ಲೋಕ ಅದನ್ನು ಸ್ವೀಕರಿಸಲಿಲ್ಲ. 1955ರ ಡಿಸೆಂಬರ್ 27ರಂದು ವರ್ಮಾಂಟಿನಲ್ಲಿ ನಿಧನರಾದರು.

ಇಂದಿನ ಆಟಗಾರರು ಕೆಲವೊಮ್ಮೆ ಇನ್ನೂ ಒಂದು ಮೆಟ್ಟಿಲು ಮೇಲೇರುವರು. ಆದರೂ ಮೊದಲು ತಮ್ಮ ಸ್ವಂತ ಪಟ್ಟುಗಳನ್ನೇ ಎಣಿಸುವರು. ಅಂಜದೆ ಕೂಗಬೇಕು, ಆದರೆ ತೆರಬಲ್ಲ ದಂಡವನ್ನು ಅರಿತು ಕೂಗಬೇಕು. ತಿಂಗಳ ಸಂಬಳದಲ್ಲಿ ಪರಸ್ಥಳದ ಸಂಸಾರವನ್ನು ತೂಗಿಸುವ ನಮಗೆ ಈ ಲೆಕ್ಕ ಅಪರಿಚಿತವೇನಲ್ಲ.