ಶಿಶುಬಂಧು ಮಾಕ್ಸ್ ವಿಲ್ಮ್ಸ್

ಮಹಾಪುರುಷರ ಹೆಸರು ಬೀದಿಗಳಿಗೂ ಮಂದಿರಗಳಿಗೂ ನಿಲ್ಲುವುದು ಲೋಕರೂಢಿ. ಆದರೆ ಎಳೆಯ ಮಕ್ಕಳನ್ನು ಕೊಲ್ಲುವ ಘೋರವ್ಯಾಧಿಯೊಂದಕ್ಕೆ ತಮ್ಮ ಹೆಸರನ್ನು ಬಿಟ್ಟುಹೋದ ಉಪಕಾರಿಗಳು ವಿರಳ. ಜರ್ಮನಿಯ ಶಸ್ತ್ರವೈದ್ಯರಾದ ಮಾಕ್ಸ್ ವಿಲ್ಮ್ಸರು ಅಂಥವರಲ್ಲೊಬ್ಬರು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ನಮ್ಮ ವಾಚಕರಿಗೆ ಈ ದೂರದೇಶದ ವೈದ್ಯರ ಚರಿತ್ರೆಯಿಂದೇನೆಂದು ಕೇಳುವ ಮಹಾಶಯರು ಕಡೆಯವರೆಗೂ ಓದಬೇಕೆಂದು ವಿನಂತಿ.

ವಿಲ್ಮ್ಸರು 1867ನೆಯ ನವೆಂಬರ 5ರಂದು ಜರ್ಮನಿಯ ಪಶ್ಚಿಮದ ಗಡಿನಾಡಿನಲ್ಲಿ ಜನಿಸಿದರು. 1890ರಲ್ಲಿ ಬಾನ್ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದರು. ಮೊದಲು ಕೆಲವು ವರ್ಷ ರೋಗಶಾಸ್ತ್ರವನ್ನು ಅಭ್ಯಾಸಮಾಡಿ, ತರುವಾಯ 1897ರಲ್ಲಿ ಲೈಪ್ಜಿಗ್ ನಗರದ ಪ್ರಖ್ಯಾತ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗರ ಸಹಾಯಕರಾದರು. 1899ರಲ್ಲಿ ಮೂತ್ರಪಿಂಡದ ಮಿಶ್ರಗಡ್ಡೆಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಈ ವ್ಯಾಧಿಯನ್ನು ಅವರಿಗಿಂತ ಮುಂಚೆ ಕಂಡವರಿಲ್ಲವೆಂದಲ್ಲ. ಆದರೆ ಒಂದೇ ಗಡ್ಡೆಯಲ್ಲಿ ಸ್ನಾಯು, ಮೃದ್ವಸ್ಥಿ ಮೊದಲಾದವು ಕಲೆತಿರುವುದೇಕೆಂಬ ಪ್ರಶ್ನೆಗೆ, ಗರ್ಭದಲ್ಲಿ ಶಿಶುವಿನ ಅವಯವಗಳು ರೂಪುಗೊಳ್ಳುವ ಕಾಲದ ಮೂಲಕೋಶಗಳಿಂದಲೇ ಅದು ಹುಟ್ಟುವುದೆಂದು ಉತ್ತರ ಕೊಟ್ಟವರು ಇವರು. ಅಂದಿನಿಂದ ಆ ಅರ್ಬುದಕ್ಕೆ ವಿಲ್ಮ್ಸರ ಗಡ್ಡೆಯೆಂದೇ ಹೆಸರು ನಿಂತಿತು. ಅವರು 1907ರಲ್ಲಿ ಬಾಸೆಲ್ ನಗರದಲ್ಲಿಯೂ 1910ರಲ್ಲಿ ಹೈಡೆಲ್‌ಬರ್ಗಿನಲ್ಲಿಯೂ ಶಸ್ತ್ರವೈದ್ಯದ ಪ್ರಾಧ್ಯಾಪಕರಾದರು.

ಈ ವ್ಯಾಧಿ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವುದು. ಮಗು ಆಡಿಕೊಂಡೇ ಇರುವುದು. ಸ್ನಾನ ಮಾಡಿಸುವಾಗ ತಾಯಿಯ ಕೈಗೆ ಹೊಟ್ಟೆಯ ಒಂದು ಪಕ್ಕದಲ್ಲಿ ಗಟ್ಟಿಯಾದ ಗಡ್ಡೆ ತಗಲುವುದು. ಕೆಲವರಲ್ಲಿ ಮೂತ್ರದಲ್ಲಿ ರಕ್ತವೂ ಕಾಣುವುದು. ಇದರ ಕಪಟವೆಂದರೆ ರಕ್ತದ ದಾರಿಯನ್ನೇ ಹಿಡಿದು ನಡೆಯುವುದು. ಗಡ್ಡೆಯ ನಾಲಗೆಯೊಂದು ಮೂತ್ರಪಿಂಡದ ಸಿರೆಯೊಳಗೆ ಚಾಚಿ, ನೂರಕ್ಕೆ ನಾಲ್ಕರಿಂದ ಹತ್ತು ಮಕ್ಕಳಲ್ಲಿ ಅಧೋಮಹಾಸಿರೆಯನ್ನು ಸೇರುವುದು. ಅಪೂರ್ವವಾಗಿ ಹೃದಯದ ಬಲಗೋಣೆಯವರೆಗೂ ಏರುವುದು. ಅದರ ತುಂಡೊಂದು ಕಳಚಿದರೆ ಹೃದಯದ ಮೂಲಕ ಪುಪ್ಪುಸಕ್ಕೆ ಹೋಗುವ ರಕ್ತನಾಳದಲ್ಲಿ ಸಿಕ್ಕಿಕೊಂಡು, ಕ್ಷಣಮಾತ್ರದಲ್ಲಿ ಉಸಿರುಗಟ್ಟಿ ಮಗು ಕುಸಿಯಬಹುದು. ಅರ್ಬುದದ ಕಣಗಳು ಪುಪ್ಪುಸದಲ್ಲಿ ನೆಲೆಸಿ ಮೆಲ್ಲನೆ ಬೆಳೆಯುವುದು ಬೇರೆ; ಈ ಹಠಾತ್ತಾದ ತಡೆ ಬೇರೆ. ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಇದು ಸಂಭವಿಸಿದ್ದುಂಟು.

ವಿಲ್ಮ್ಸರ ಗುರುಗಳು ಇದೇ ರಕ್ತನಾಳದೊಡನೆ ಹೋರಾಡಿದವರೆಂಬುದು ಗಮನಾರ್ಹ. ಹೆಪ್ಪುಗಟ್ಟಿದ ರಕ್ತವು ಪುಪ್ಪುಸಧಮನಿಯಲ್ಲಿ ಸಿಕ್ಕಾಗ ಎದೆಯನ್ನು ತೆರೆದು ಅದನ್ನು ತೆಗೆಯುವ ಕ್ರಮವನ್ನು ಟ್ರೆಂಡೆಲೆನ್‌ಬರ್ಗರು 1908ರಲ್ಲಿ ಲೋಕಕ್ಕೆ ತಿಳಿಸಿದರು. ಅವರ ರೋಗಿಗಳಾರೂ ಬದುಕಲಿಲ್ಲ. 1924ರಲ್ಲಿ ಕಿರ್ಷ್ನರರ ಕೈಯಲ್ಲಿ ಮೊದಲ ರೋಗಿ ಬದುಕಿದಳು. ಗುರುವಿನ ಸೋಲು ಮುಂದಿನವರಿಗೆ ಮೆಟ್ಟಿಲಾಯಿತು.

1918ರಲ್ಲಿ ಮಹಾಯುದ್ಧವು ನಡೆದಿರಲು, ಸೆರೆಸಿಕ್ಕ ಫ್ರೆಂಚ್ ಅಧಿಕಾರಿಯೊಬ್ಬನು ಗಂಟಲಮಾರಿಯಿಂದ ಉಸಿರಾಡಲಾರದೆ ವಿಲ್ಮ್ಸರ ಬಳಿಗೆ ಬಂದನು. ವೈರಿಯೆಂದು ಮುಖ ತಿರುಗಿಸದೆ ಅವರು ಅವನ ಗಂಟಲಿಗೆ ಶಸ್ತ್ರಕ್ರಿಯೆ ಮಾಡಿದರು. ವೈರಿ ಉಳಿದನು, ಅದೇ ರೋಗ ಅಂಟಿ ವೈದ್ಯರು ಮೇ 14ರಂದು, ತಮ್ಮ ಐವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು. ಸ್ವದೇಶಾಭಿಮಾನವೆಂದರೆ ಪರದ್ವೇಷವಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತವನ್ನು ನಾವು ಕಾಣೆವು.

ಅವರ ಕಾಲದಲ್ಲಿ ಈ ವ್ಯಾಧಿಯಿಂದ ಉಳಿದ ಮಕ್ಕಳು ಅತ್ಯಲ್ಪ. ಶಸ್ತ್ರದೊಡನೆ ಕ್ಷಕಿರಣವೂ, 1950ರ ದಶಕದಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರರು ಪ್ರಯೋಗಿಸಿದ ಆಕ್ಟಿನೋಮೈಸಿನ್ ಔಷಧವೂ ಕೂಡಿ ಆ ಸ್ಥಿತಿಯನ್ನು ಬದಲಿಸಿದವು. ಇಂದು ಸಂಪನ್ನ ರಾಷ್ಟ್ರಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಬದುಕುವರು. ಶಸ್ತ್ರಕ್ರಿಯೆಗೆ ಮೊದಲೇ ಸಿರೆಗಳನ್ನು ಯಂತ್ರದಿಂದ ಪರೀಕ್ಷಿಸಿ, ಸಿರೆಯೊಳಗಿನ ನಾಲಗೆಯನ್ನು ಔಷಧದಿಂದ ಕುಗ್ಗಿಸುವುದುಂಟು. ಅದು ಹೃದಯವನ್ನು ಮುಟ್ಟಿದ್ದರೆ, ರಕ್ತಸಂಚಾರವನ್ನು ಯಂತ್ರಕ್ಕೆ ವಹಿಸಿ ತೆಗೆಯಬಲ್ಲರು.

ಇನ್ನು ನಮ್ಮ ಮಾತು. ಮಗುವಿನ ಹೊಟ್ಟೆ ಉಬ್ಬಿದರೆ ಚುಟಿಗೆ ಹಾಕಿಸುವ, ಎಣ್ಣೆ ಹಚ್ಚಿ ತಿಕ್ಕಿಸುವ ರೂಢಿ ನಮ್ಮ ಸೀಮೆಯಿಂದ ಇನ್ನೂ ಪೂರ್ಣವಾಗಿ ತೊಲಗಿಲ್ಲ. ಈ ಗಡ್ಡೆಯನ್ನು ಒತ್ತಿ ತಿಕ್ಕುವುದು ಅತ್ಯಂತ ಅಪಾಯಕರ; ಅದು ಒಡೆದು ಹೊಟ್ಟೆಯೊಳಗೆಲ್ಲ ಹರಡಬಹುದು. ವಿಜಯಪುರದಲ್ಲಿಯೇ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು 1986ರಿಂದ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರವು ದೂರವಲ್ಲ. ನಮ್ಮ ಉದಾಸೀನವೇ ಆ ಹಾದಿಯನ್ನು ದೂರಮಾಡಿರುವುದು. ಗಡ್ಡೆ ಕೈಗೆ ತಗಲಿದ ದಿನವೇ ಮಗುವನ್ನು ವೈದ್ಯರ ಬಳಿಗೆ ಒಯ್ಯುವಂತೆ ಹಳ್ಳಿಹಳ್ಳಿಯ ತಾಯಂದಿರಿಗೆ ತಿಳಿಸುವುದು ಓದುಬರಹ ಬಲ್ಲವರ, ಅಧಿಕಾರಸ್ಥರ ಕರ್ತವ್ಯ. ವೈರಿಯ ಉಸಿರಿಗಾಗಿ ತಮ್ಮ ಉಸಿರನ್ನು ಕೊಟ್ಟವರ ಸ್ಮರಣೆಗೆ, ನಮ್ಮ ಮಕ್ಕಳ ಉಸಿರನ್ನು ನಾವು ಕಾಯುವುದಕ್ಕಿಂತ ಬೇರೆ ಸ್ಮಾರಕವು ಬೇಡ.